ಅಡಿಕೆಯ ಕೊಳೆರೋಗವೂ ಗ್ರಾಮದ ಮುಖಂಡರ ಹೊಣೆಯೂ

ಮಲೆನಾಡು ಮತ್ತು ಕರಾವಳಿಯ ಅಡಿಕೆ ತೋಟಗಳಲ್ಲಿ ಮುಂಗಾರು ಬಲಿತೊಡನೆ ತಲೆದೋರಿ ಎಳೆಗಾಯಿಗಳನ್ನು ಉದುರಿಸತಕ್ಕ ಕೊಳೆರೋಗವು ಅಲ್ಲಿಯ ಯಾವ ಯಜಮಾನರಿಗೂ ಅಪರಿಚಿತವಾದುದಲ್ಲ. ಆದರೆ ಕಾಯಿ ಉದುರತೊಡಗಿದ ಮೇಲೆ ಔಷಧವನ್ನು ಹುಡುಕುವ ರೂಢಿಯು ಇನ್ನೂ ಪೂರ್ತಿಯಾಗಿ ತೊಲಗಿಲ್ಲ. ಈ ರೂಢಿಯಿಂದ ನಷ್ಟವು ಏತಕ್ಕೆ ತಪ್ಪದೆಂಬುದು ರೋಗದ ಬೀಜಾಣುವಿನ ಮೈಯ ರಚನೆಯನ್ನು ತಿಳಿದವರಿಗೆ ಸ್ಪಷ್ಟವಾಗುವುದು.

1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಪರಿಶೀಲಿಸಿ, ಫೈಟಾಫ್ತೊರ ಎಂಬ ಸೂಕ್ಷ್ಮಜೀವಿಯ ವಿಚಾರವಾಗಿ 1910ರಲ್ಲಿ ವಿವರವಾದ ಗ್ರಂಥವನ್ನು ಪ್ರಕಟಿಸಿದರು. ಈ ಜೀವಿಯನ್ನು ಬಹುಕಾಲ ಶಿಲೀಂಧ್ರಗಳ ಕುಲದಲ್ಲಿಯೇ ಎಣಿಸುತ್ತಿದ್ದರು. ಆದರೆ ಶಿಲೀಂಧ್ರಗಳ ಮೈಗೋಡೆಯಲ್ಲಿ ಏಡಿಯ ಚಿಪ್ಪಿನಲ್ಲಿರುವಂಥ ಕೈಟಿನ್ ಎಂಬ ವಸ್ತುವು ಇರುವುದು. ಇದರ ಗೋಡೆಯಾದರೋ ಮುಖ್ಯವಾಗಿ ಗ್ಲುಕಾನ್ ಎಂಬ ಪದಾರ್ಥದಿಂದಲೂ, ಹತ್ತಿಯ ನೂಲಿನಲ್ಲಿರುವ ಸೆಲ್ಯುಲೋಸಿನಿಂದಲೂ ಆದುದು. ಇಂಥ ಹಲವು ಲಕ್ಷಣಗಳಿಂದ ಇದು ಸಮುದ್ರದ ಕಂದು ಪಾಚಿಗಳಿಗೆ ಹತ್ತಿರವಾದ ನೀರುಬೂಷ್ಟುಗಳ ಬಳಗದ್ದೆಂದು ಈಗ ನಿರ್ಣಯವಾಗಿದೆ.

ಹೆಸರಿಗೆ ತಕ್ಕಂತೆ ಇದಕ್ಕೆ ನೀರೇ ದಾರಿ. ತೇವವಾದ ಕಾಯಿಯ ಮೇಲೆ ಬೆಳೆದ ಬೀಜಕೋಶವು ಒಡೆದು, ಮಿಲಿಮೀಟರಿನ ಸುಮಾರು ನೂರನೆಯ ಒಂದು ಪಾಲಿನಷ್ಟಿರುವ ಬೀಜಾಣುಗಳು ಹೊರಬೀಳುವುವು. ಆಗ ಅವಕ್ಕೆ ಗೋಡೆಯೆಂಬುದೇ ಇಲ್ಲ; ತೆಳುವಾದ ಪೊರೆಯೊಂದೇ ಅವುಗಳ ಮೈ. ಎರಡು ಎಳೆಬಾಲಗಳನ್ನು ಬೀಸುತ್ತ ಅವು ಮಳೆಹನಿಯಲ್ಲಿ ಈಜುವುವು. ತಕ್ಕ ತಾಣ ಸಿಕ್ಕಿದೊಡನೆ ಬಾಲಗಳನ್ನು ಕಳೆದುಕೊಂಡು, ಒಳಗೆ ಕೂಡಿಟ್ಟಿದ್ದ ಅಂಟನ್ನು ಸ್ರವಿಸಿ ಕಾಯಿಗೆ ಕಚ್ಚಿಕೊಂಡು, ಕೆಲವೇ ನಿಮಿಷಗಳಲ್ಲಿ ಸೆಲ್ಯುಲೋಸಿನಿಂದ ಕೂಡಿದ ಗೋಡೆಯನ್ನು ಕಟ್ಟಿಕೊಳ್ಳುವುವು. ಬಳಿಕ ಮೊಳೆತು ಕಾಯಿಯೊಳಕ್ಕೆ ಇಳಿಯುವುವು.

ಶತ್ರುವು ಕವಚವಿಲ್ಲದೆ ಸುಳಿದಾಡುವ ಆ ಅಲ್ಪಕಾಲವೇ ತೋಟಗಾರನಿಗೆ ಅನುಕೂಲವಾದ ಕಾಲ. 1885ರಲ್ಲಿ ಫ್ರಾನ್ಸ್ ದೇಶದ ಮಿಲಾರ್ದೆ ಎಂಬ ವಿದ್ವಾಂಸರು ದ್ರಾಕ್ಷಿಯ ಬೂಜುರೋಗಕ್ಕಾಗಿ ಪ್ರಕಟಿಸಿದ ಬೋರ್ಡೋ ದ್ರಾವಣದ ತಾಮ್ರವು ಈ ಬೆತ್ತಲೆ ಬೀಜಾಣುವನ್ನು ಸುಲಭವಾಗಿ ಕೊಲ್ಲುವುದು. ಆ ದ್ರಾಕ್ಷಿಯ ರೋಗವೂ ಇದೇ ಬಳಗದ್ದು. ಆದರೆ ತಾಮ್ರವು ಕಾಯಿಯ ಹೊರಮೈಯಲ್ಲಿ ನಿಲ್ಲತಕ್ಕುದೇ ಹೊರತು ಒಳಹೊಕ್ಕ ರೋಗವನ್ನು ಬೆನ್ನಟ್ಟತಕ್ಕುದಲ್ಲ. ಆದುದರಿಂದ ಬೀಜಾಣು ಬರುವುದಕ್ಕೆ ಮುಂಚೆ, ಎಂದರೆ ಮುಂಗಾರು ಹಿಡಿಯುವ ಮುನ್ನ, ಔಷಧವು ಗೊನೆಯ ಮೇಲಿರಬೇಕು. 40-45 ದಿನಗಳ ತರುವಾಯ, ಮಳೆ ಹೊಳವಾದಾಗ, ಎರಡನೆಯ ಸಲ ಹೊಡೆಯಬೇಕು. ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿಯೂ, ಒಂದು ಕಿಲೋ ಸುಣ್ಣವನ್ನು ಮತ್ತೆ 50 ಲೀಟರ್ ನೀರಿನಲ್ಲಿಯೂ ಬೇರೆ ಬೇರೆ ಕರಗಿಸಿ ಕೂಡಿಸತಕ್ಕದ್ದು. ಉಜ್ಜಿದ ಕಬ್ಬಿಣದ ಚೂರಿಯನ್ನು ಅದ್ದಿದಾಗ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ.

ಇಷ್ಟನ್ನು ಬಲ್ಲ ತೋಟಗಾರರು ಅನೇಕರಿದ್ದಾರೆ. ತೊಡಕಿರುವುದು ತಿಳಿವಳಿಕೆಯಲ್ಲಲ್ಲ, ಸರದಿಯಲ್ಲಿ. ಮರ ಹತ್ತಬಲ್ಲ ಕೊನೆಗಾರರು ಕಡಮೆ. ಅವರನ್ನು ದೊಡ್ಡ ಹಿಡುವಳಿದಾರರು ಮೊದಲು ಕರೆಸಿಕೊಂಡರೆ, ಅರ್ಧ ಎಕರೆಯವನ ಸರದಿ ಬರುವುದರೊಳಗೆ ಮಳೆಯೇ ಬಂದಿರುವುದು. ಅವನ ವರ್ಷದ ಅನ್ನವು ಮರದಡಿಯಲ್ಲಿ ಕೊಳೆಯುವುದು. ಅವರವರ ತೋಟ ಅವರವರ ಹೊಣೆಯೆಂದು ಹೇಳುವವರುಂಟು. ಆದರೆ ಗಾಳಿಮಳೆಯೊಡನೆ ಹರಡುವ ರೋಗವು ಬೇಲಿಯನ್ನು ಲೆಕ್ಕಿಸುವುದಿಲ್ಲ. ಬಡವನ ತೋಟದಲ್ಲಿ ಬೆಳೆದ ಬೀಜಾಣುವು ಔಷಧ ತೊಳೆದುಹೋದ ಧನಿಕನ ಗೊನೆಯನ್ನೂ ಸೇರುವುದು.

ಆದುದರಿಂದ ಗ್ರಾಮದ ಮುಖಂಡರು ಮೇ ತಿಂಗಳಲ್ಲಿಯೇ ಸಭೆ ಸೇರಿ, ಮನೆಯ ದೊಡ್ಡತನವನ್ನು ನೋಡದೆ ತೋಟಗಳ ಸಾಲನ್ನು ನೋಡಿ ಸರದಿಯನ್ನು ಗೊತ್ತುಮಾಡುವುದು ಯುಕ್ತ. ಯಜಮಾನರು ಊರಲ್ಲಿಲ್ಲದ ತೋಟಗಳನ್ನೂ ಈ ಸರದಿಯಲ್ಲಿ ಸೇರಿಸಬೇಕು. ಉದುರಿದ ರೋಗದ ಕಾಯಿಗಳನ್ನು ಎಲ್ಲರೂ ಆಯ್ದು ನಾಶಮಾಡಬೇಕು. ನೆರೆಯವನ ಗೊನೆಗೆ ಸಕಾಲದಲ್ಲಿ ಔಷಧ ಹೊಡೆಸಿದವನು ತನ್ನ ಗೊನೆಯನ್ನೇ ಕಾಯ್ದುಕೊಂಡಂತೆ.