ಮೊಲದ ಹಲ್ಲು, ಮನೆಯ ತಂತಿ

ಮೊಲವನ್ನು ಸಾಕುವ ಶ್ರಾವಕರ ಮನೆಯಲ್ಲಿ ಒಂದು ಸಮಾಧಾನವಿರುತ್ತದೆ. ಅದು ಹುಲ್ಲು ತಿಂದು ಬದುಕುವ ಪ್ರಾಣಿಯಾದುದರಿಂದ, ಅದರ ಹೊಟ್ಟೆಗಾಗಿ ತ್ರಸಜೀವವೊಂದನ್ನು ಬಲಿಗೊಡುವ ಪ್ರಸಂಗ ಬರುವುದಿಲ್ಲ. ಆದರೆ ಹಿಂಸೆಯು ಅಡುಗೆಮನೆಯ ಬಾಗಿಲಿನಿಂದಲೇ ಬರಬೇಕೆಂಬ ನಿಯಮವೇನೂ ಇಲ್ಲ. ಟಿ.ವಿ. ಮೇಜಿನ ಹಿಂದೆ, ಫ್ರಿಜ್ಜಿನ ಬದಿಯಲ್ಲಿ, ಮಂಚದ ಕೆಳಗೆ ನೆಲದ ಮೇಲೆ ಬಿದ್ದಿರುವ ವಿದ್ಯುತ್ ತಂತಿಯೂ ಅದಕ್ಕೆ ದಾರಿಯಾಗಬಲ್ಲದು.

ಮೊಲದ ಹಲ್ಲುಗಳು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ಕಡಿಯದೆ, ಅಗಿಯದೆ ಅವು ಸವೆಯವು. ಬಿಲ ತೋಡಿ ಬಾಳುವ ಕುಲದ ಆ ಪ್ರಾಣಿಗೆ ನೆಲದ ಮೇಲಿನ ತಂತಿಗೂ ದಾರಿಗಡ್ಡಬಂದ ಬೇರಿಗೂ ಭೇದ ತೋರದು. ಅದರೊಳಗೆ 230 ವೋಲ್ಟ್ ವಿದ್ಯುತ್ತು ಹರಿಯುತ್ತಿದೆಯೆಂದು ಬಲ್ಲವರು ಮನೆಯವರು ಮಾತ್ರ.

ತಂತಿ ಕಡಿದುದು ಕಂಡೊಡನೆ ಮೂರು ಉಪಾಯಗಳು ಹೊಳೆಯುವುದುಂಟು: ಗೂಡಿನಲ್ಲಿ ಕೂಡಿಹಾಕುವುದು, ಹೊಡೆದು ಹೆದರಿಸುವುದು, ಹಲ್ಲನ್ನೇ ಕತ್ತರಿಸುವುದು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಮೊದಲು ಹೇಳಿರುವುದು ಬಂಧವನ್ನು. ಅನಂತರ ವಧ, ಆಮೇಲೆ ಛೇದ. ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಕೋಲು ಮೊದಲಾದುವುಗಳಿಂದ ಹೊಡೆಯುವುದು. ಛೇದವೆಂದರೆ ಅಂಗವನ್ನು ಕತ್ತರಿಸುವುದು. ಮನೆಯವರಿಗೆ ಹೊಳೆದ ಮೂರು ಉಪಾಯಗಳೂ ಅಲ್ಲಿ ದೋಷಗಳಾಗಿಯೇ ನಿಂತಿವೆ. ವೈದ್ಯರು ರೋಗಕ್ಕಾಗಿ ಹಲ್ಲನ್ನು ತಿದ್ದುವುದು ಬೇರೆ ಮಾತು.

ಹಾಗಾದರೆ ಮಾಡಬೇಕಾದುದೇನು? ಅಹಿಂಸಾವ್ರತವನ್ನು ಸ್ಥಿರಗೊಳಿಸುವ ಐದು ಭಾವನೆಗಳಲ್ಲಿ ಆದಾನನಿಕ್ಷೇಪಣ ಸಮಿತಿಯೂ ಒಂದು. ವಸ್ತುವನ್ನು ತೆಗೆಯುವಾಗಲೂ ಇಡುವಾಗಲೂ ನೋಡಿ, ಜೀವಿಗೆ ಬಾಧೆಯಾಗದಂತೆ ನಡೆದುಕೊಳ್ಳುವುದೇ ಅದರ ಅರ್ಥ. ಮುನಿಗಳು ಪಿಂಛಿಯಿಂದ ನೆಲವನ್ನು ಸವರಿ ಕಮಂಡಲುವನ್ನಿಡುತ್ತಾರೆ. ಗೃಹಸ್ಥನ ಕೈಯಲ್ಲಿರುವುದು ಚಾರ್ಜರು. ಅದನ್ನು ಎಲ್ಲಿ ಬಿಟ್ಟನೆಂಬುದು ಅವನ ವ್ರತಕ್ಕೆ ಸೇರಿದ ವಿಷಯ. ತಂತಿಗಳನ್ನು ಮೊಲಕ್ಕೆ ಎಟುಕದ ಎತ್ತರದಲ್ಲಿ ಗೋಡೆಗೆ ಬಿಗಿಯಬೇಕು. ಕೆಳಗೆ ಇರಲೇಬೇಕಾದುವನ್ನು ಗಟ್ಟಿ ಪಿ.ವಿ.ಸಿ. ಕೊಳವೆಯೊಳಗೆ ಸೇರಿಸಬೇಕು. ಫ್ರಿಜ್ಜಿನ ಹಿಂದಿನ ಸಂದನ್ನು ಹಲಗೆಯಿಂದ ಮುಚ್ಚಬೇಕು. ಹಿಂದೆ ಗಾಳಿಯಾಡುವಷ್ಟು ಎಡೆ ಬಿಡುವುದನ್ನು ಮರೆಯಬಾರದು. ಕೆಲಸ ಮುಗಿದ ಚಾರ್ಜರನ್ನು ಕಿತ್ತು ಸುತ್ತಿಡಬೇಕು. ಅದರ ತಂತಿಯಲ್ಲಿ ವಿದ್ಯುತ್ತು ಅಲ್ಪವಾದರೂ, ನುಂಗಿದ ಪ್ಲಾಸ್ಟಿಕ್ಕನ್ನು ಮೊಲ ವಾಂತಿ ಮಾಡಲಾರದು, ಕರುಳು ಕಟ್ಟುವ ಭಯವಿದೆ. ತಂತಿಗೆ ಮೆಣಸಿನಪುಡಿ ಬಳಿಯುವ ಕೆಲವರಿದ್ದಾರೆ. ಕಣ್ಣು ಬಾಯಿ ಉರಿಸುವ ಆ ರಕ್ಷಣೆಗೆ ರಕ್ಷಣೆಯೆಂಬ ಹೆಸರು ಸಲ್ಲದು.

ಒಣಹುಲ್ಲು ಹಗಲಿರುಳೂ ಅದರ ಮುಂದಿರಬೇಕು. ಎರಡು ಕ್ಯಾರೆಟ್ ತುಂಡು ಕೊಟ್ಟು ಊಟವಾಯಿತೆನ್ನುವವರು ಅನ್ನಪಾನನಿರೋಧವೆಂಬ ಅತಿಚಾರದ ಅಂಚಿನಲ್ಲಿದ್ದಾರೆ. ಅಗಿಯಲು ಹುಲ್ಲಿಲ್ಲದ ಮೊಲ ಅಗಿಯಲು ಬೇರೇನನ್ನಾದರೂ ಹುಡುಕುತ್ತದೆ.

ಶ್ವೇತಾಂಬರ ಆಗಮವಾದ ಜ್ಞಾತಾಧರ್ಮಕಥಾದಲ್ಲಿ ಮೇಘಕುಮಾರನ ಪೂರ್ವಜನ್ಮದ ಕಥೆಯಿದೆ. ಕಾಡ್ಗಿಚ್ಚಿಗೆ ಹೆದರಿದ ಮೃಗಗಳೆಲ್ಲ ಬಯಲೊಂದರಲ್ಲಿ ಕಿಕ್ಕಿರಿದಿದ್ದಾಗ, ಆನೆಯೊಂದು ಮೈ ತುರಿಸಲೆಂದು ಕಾಲೆತ್ತಿತು. ಬರಿದಾದ ಆ ಜಾಗಕ್ಕೆ ಮೊಲವೊಂದು ಬಂದು ಸೇರಿತು. ಬೆಂಕಿ ಆರುವವರೆಗೆ, ಎರಡೂವರೆ ದಿನ, ಆನೆ ಕಾಲನ್ನು ಇಳಿಸಲಿಲ್ಲ. ಮರಗಟ್ಟಿದ ಕಾಲಿನಿಂದ ಕುಸಿದುಬಿದ್ದು ಸತ್ತ ಆ ಆನೆಯೇ ಮುಂದೆ ಶ್ರೇಣಿಕರಾಜನ ಮಗನಾಗಿ ಹುಟ್ಟಿತು. ತನ್ನ ಕಾಲಿನ ಕೆಳಗೆ ಮೊಲವೇಕೆ ಬಂದಿತೆಂದು ಆನೆ ತರ್ಕಿಸಲಿಲ್ಲ. ಸರಿಸಬೇಕಾದುದು ತನ್ನ ಕಾಲೆಂದು ಅದು ಅರಿತಿತ್ತು.

ಗೃಹಕೃತ್ಯದಲ್ಲಿ ಅನಿವಾರ್ಯವಾದ ಆರಂಭೀ ಹಿಂಸೆ ಇದು, ಅಥವಾ ಮೊಲದ ಕರ್ಮವೇ ಹಾಗಿತ್ತು ಎಂದು ಹೇಳಿ ಜಾರಿಕೊಳ್ಳುವವರಿದ್ದಾರೆ. ಒಂದು ಗಂಟೆಯ ಕೆಲಸದಿಂದ ತಪ್ಪಿಸಬಹುದಾದುದು ಅನಿವಾರ್ಯವಾಗುವುದಾದರೂ ಹೇಗೆ? ಜೀವಿಯ ಕರ್ಮ ಜೀವಿಗೆ, ಮನೆಯವರ ಪ್ರಮಾದ ಮನೆಯವರಿಗೆ. ಪ್ರಮಾದಿಯಾದವನಿಗೆ ಜೀವಿ ಸಾಯಲಿ, ಉಳಿಯಲಿ, ಹಿಂಸೆಯ ದೋಷ ನಿಶ್ಚಿತವೆಂಬುದು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರ ನಿಲುವು. ಹಾಗೆ ನೋಡಿದರೆ ಮೊಲ ಇನ್ನೂ ಮುಟ್ಟದಿರುವ ತಂತಿಯೂ ಲೆಕ್ಕದಲ್ಲಿದೆ.

ಇಷ್ಟಾದರೂ ಅವಘಡ ನಡೆದರೆ, ಮೊದಲು ಮೇನ್ ಸ್ವಿಚ್ ಆರಿಸಬೇಕು. ಆಮೇಲೆ ಮೊಲವನ್ನು ಮುಟ್ಟಬೇಕು. ಅದು ಎದ್ದು ಓಡಾಡಿದರೂ ಅಂದೇ ಪಶುವೈದ್ಯರಿಗೆ ತೋರಿಸುವುದು ಅಗತ್ಯ. ಬಾಯೊಳಗಿನ ಸುಟ್ಟ ಗಾಯ ಹೊರಗೆ ಕಾಣಿಸದಿರಬಹುದು; ಶ್ವಾಸಕೋಶದಲ್ಲಿ ನೀರು ತುಂಬುವುದು ಕೆಲವು ಗಂಟೆಗಳ ಅನಂತರವೂ ಉಂಟು.