ಆಸ್ಪತ್ರೆಯ ಬಾಗಿಲ ಹೊರಗೆ ಕುಳಿತವರಿಗೆ



ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ಅಂತರ ಎಂದು ಹಿರಿಯರು ಹೇಳುತ್ತಿದ್ದರು. ಚಿತೆ ಸತ್ತವರನ್ನು ಸುಡುತ್ತದೆ, ಚಿಂತೆ ಬದುಕಿರುವವರನ್ನು ಸುಡುತ್ತದೆ. ಈ ಮಾತನ್ನು ನಾವು ಎಷ್ಟೋ ಲೈನ್ ಮನೆಗಳಲ್ಲಿ ಹೇಳಿದ್ದೇವೆ. ಕಾಯಿಲೆಯವರ ತಲೆಯ ಬಳಿ ಕುಳಿತು ಪ್ರಾರ್ಥನೆ ಮಾಡಿ, "ಚಿಂತೆ ಮಾಡಬೇಡಿ, ದೇವರಿದ್ದಾನೆ" ಎಂದು ಹೇಳಿ ಎದ್ದು ಬಂದಿದ್ದೇವೆ. ಉಪದೇಶಿಯ ಕೆಲಸ ಅಲ್ಲಿಗೆ ಮುಗಿಯಿತು ಎಂದು ತಿಳಿದಿದ್ದೆವು. ನಮ್ಮ ಮನೆಯಾಕೆಯನ್ನೇ ಆಸ್ಪತ್ರೆಗೆ ಸಾಗಿಸಬೇಕಾಗಿ ಬಂದ ದಿನ ಆ ಮಾತು ನಮಗೇ ಸಾಲದಾಯಿತು. ಆದ್ದರಿಂದ ಈ ಸಾರಿ ಸ್ವಂತ ಮನೆಯ ಕಥೆಯನ್ನೇ ಬರೆಯುತ್ತಿದ್ದೇವೆ. ಓದುಗರು ಕ್ಷಮಿಸಬೇಕು.

ಕೊಯ್ಲು ಮುಗಿಸಿ ಏರ್ಕಾಡಿನ ತೋಟದಿಂದ ಮೊರಪ್ಪೂರಿನ ಮನೆಗೆ ಬಂದಿದ್ದ ದಿನಗಳು. ಬೆಳಗಿನ ಜಾವ ನೀರು ಕಾಯಿಸಲು ಎದ್ದವಳು ಒಲೆಯ ಮುಂದೆ ಕುಸಿದು ಕುಳಿತಿದ್ದಳು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಬಲಗೈ ಎತ್ತಲು ಆಗುತ್ತಿರಲಿಲ್ಲ. ಏನೋ ಹೇಳಲು ಹೋಗುತ್ತಿದ್ದಳು, ಮಾತು ತೊದಲುತ್ತಿತ್ತು. ನೆರೆಮನೆಯವರು ಓಡಿ ಬಂದರು. ಒಬ್ಬರು ಲಕ್ವ ಹೊಡೆದಿದೆ, ನಾಟಿ ವೈದ್ಯರ ಎಣ್ಣೆ ಹಚ್ಚಿಸೋಣ ಎಂದರು. ಇನ್ನೊಬ್ಬ ಅಕ್ಕ ಬಿಸಿ ಕಾಫಿ ಕುಡಿಸಲು ಬಂದರು. ಪಕ್ಕದ ಮನೆಯ ಹುಡುಗನೊಬ್ಬ ಯಾರ ಮಾತಿಗೂ ಕಾಯದೆ 108ಕ್ಕೆ ಫೋನ್ ಮಾಡಿದ. ಆ ಹುಡುಗನಿಗೆ ನಮ್ಮ ಮನೆ ಋಣಿಯಾಗಿದೆ. ಲಕ್ವದವರಿಗೆ ನುಂಗುವ ಶಕ್ತಿ ತಪ್ಪಿರಬಹುದು, ಬಾಯಿಗೆ ಹಾಕಿದ ಕಾಫಿಯೋ ನೀರೋ ಶ್ವಾಸನಾಳಕ್ಕೆ ಇಳಿದು ಇನ್ನೊಂದು ಆಪತ್ತಾಗುತ್ತದೆ ಎಂಬುದು ನಮಗೆ ಆಮೇಲೆ ತಿಳಿಯಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನಮ್ಮನ್ನು ಮೂರು ಪ್ರಶ್ನೆ ಕೇಳಿದರು. ಇವರು ಕೊನೆಯ ಸಲ ಸರಿಯಾಗಿದ್ದದ್ದನ್ನು ನೀವು ಎಷ್ಟು ಹೊತ್ತಿಗೆ ನೋಡಿದಿರಿ? ಇವರು ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ? ಬಿಪಿ, ಸಕ್ಕರೆ ಇದೆಯೇ? ಮೂರಕ್ಕೂ ನಮ್ಮಲ್ಲಿ ಸರಿಯಾದ ಉತ್ತರವಿರಲಿಲ್ಲ. ಹಿಂದಿನ ರಾತ್ರಿ ಸಂಘದ ಸಭೆ ಮುಗಿಸಿ ತಡವಾಗಿ ಬಂದು, ದೀಪ ಹಚ್ಚದೆ ಮಲಗಿದ್ದೆವು. "ಒಂದು ಬಿಳಿ ಮಾತ್ರೆ" ಎಂದು ಮಾತ್ರ ಹೇಳಿದೆವು. ಆ ಬಿಳಿ ಮಾತ್ರೆ ಮುಗಿದು ಹದಿನೈದು ದಿನವಾಗಿತ್ತು, ಸಂಬಳದ ದಿನಕ್ಕೆ ಕಾಯುತ್ತಿದ್ದಳು ಎಂಬುದು ಮಗಳಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಜೊತೆಯಲ್ಲಿ ಬಾಳಿದ್ದೇವೆ. ತೋಟದ ನೂರು ಜನರ ಮಸ್ಟರ್ ನಂಬರು ಬಾಯಿಪಾಠ ಹೇಳಬಲ್ಲೆವು. ಹೆಂಡತಿಯ ಮಾತ್ರೆಯ ಹೆಸರು ಹೇಳಲು ಬರಲಿಲ್ಲ.

ಆ ಮೊದಲ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. ಲಕ್ವದಲ್ಲಿ ಎರಡು ಬಗೆ. ಮೆದುಳಿನ ರಕ್ತನಾಳ ಮುಚ್ಚಿಕೊಳ್ಳುವುದು ಒಂದು, ಒಡೆಯುವುದು ಇನ್ನೊಂದು. ಯಾವುದೆಂದು ಸ್ಕ್ಯಾನ್ ಮಾಡಿಯೇ ತಿಳಿಯಬೇಕು. ಮುಚ್ಚಿಕೊಂಡಿದ್ದರೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧಿಯಿದೆ. ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಗಂಟೆ ತಿಳಿಯದಿದ್ದರೆ ಡಾಕ್ಟರ ಕೈ ಕಟ್ಟಿದ ಹಾಗೆ. ಎದೆನೋವಿಗೂ, ಹಾವು ಕಡಿತಕ್ಕೂ, ಹೆರಿಗೆಯ ರಕ್ತಸ್ರಾವಕ್ಕೂ ಹೊತ್ತಿನ ಲೆಕ್ಕ ಹೀಗೆಯೇ ಮುಖ್ಯ.

ಅವಳನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಹೊರಗಿನ ಬೆಂಚಿನ ಮೇಲೆ ಕುಳಿತ ನಮಗೆ, ಸಾವಿರ ಸಲ ಹೇಳಿದ್ದ ಪ್ರಾರ್ಥನೆಯ ಮೊದಲ ಸಾಲು ನೆನಪಿಗೆ ಬರಲಿಲ್ಲ. ತಲೆಯಲ್ಲಿ ಓಡಿದ್ದು ಬೇರೆ. ಅವಳು ಹೋದರೆ ಮಗಳ ಗತಿ ಏನು? ಅಡವು ಇಡಲು ಏನಿದೆ? ದೇವರು ಯಾವ ತಪ್ಪಿಗೆ ಹೀಗೆ ಮಾಡಿದ? ಒಂದೇ ಪ್ರಶ್ನೆ ಗಾಣದ ಎತ್ತಿನಂತೆ ಸುತ್ತುತ್ತಿತ್ತು. ಆಗ ಸಂಘದ ಗೆಳೆಯರೊಬ್ಬರು ಬಂದು ಪಕ್ಕದಲ್ಲಿ ಕುಳಿತರು. ಚಿಂತೆ ಮಾಡಬೇಡಿ ಎಂದು ಅವರು ಹೇಳಲೇ ಇಲ್ಲ. ಕೈಯಲ್ಲಿದ್ದ ಚೀಟಿ ತೆಗೆದುಕೊಂಡು ಹೋಗಿ ಔಷಧಿ ತಂದರು. ಎರಡು ಇಡ್ಲಿ ತಂದು, ತಿನ್ನುವವರೆಗೆ ಎದುರಿಗೆ ನಿಂತರು. "ಅಣ್ಣಾ, ಮಗಳಿಗೆ ಫೋನ್ ಮಾಡಿದಿರಾ?" ಎಂದು ಕೇಳಿದರು. ಮಾಡಿರಲಿಲ್ಲ. ಮಾಡಿದೆವು. ಆ ಫೋನ್ ಮುಗಿದ ಮೇಲೆ ಉಸಿರು ಸ್ವಲ್ಪ ಸಡಿಲವಾಯಿತು.

ಇದರಿಂದ ನಾವು ಕಲಿತದ್ದು ಇಷ್ಟು. ಚಿಂತೆಯನ್ನು ಬಿಡು ಎಂದರೆ ಅದು ಬಿಡುವುದಿಲ್ಲ. ಅದಕ್ಕೆ ಮಾಡಲು ಒಂದು ಕೆಲಸ ಕೊಡಬೇಕು, ಜೊತೆಗೆ ಒಬ್ಬ ಮನುಷ್ಯ ಕೂರಬೇಕು.

ಹೆಂಡತಿಗಾಗಿ ಬಾಗಿಲು ತಟ್ಟಿದ ಗಂಡಂದಿರ ಒಂದು ಹಳೆಯ ಸಂಗತಿ ನಮ್ಮ ಸೀಮೆಯಲ್ಲೇ ಇದೆ. ಮೊರಪ್ಪೂರಿನಲ್ಲಿ ರೈಲು ಹತ್ತಿ ಜೋಲಾರಪೇಟೆ ದಾಟಿ ಕಾಟ್ಪಾಡಿಯಲ್ಲಿ ಇಳಿದರೆ ವೆಲ್ಲೂರಿನ ದೊಡ್ಡ ಆಸ್ಪತ್ರೆಗೆ ಹೋಗಬಹುದು. ನಮ್ಮಲ್ಲಿ ಅನೇಕರು ಹೋಗಿ ಬಂದಿದ್ದಾರೆ. ಆ ಆಸ್ಪತ್ರೆ ಹುಟ್ಟಿದ್ದು ಒಂದು ರಾತ್ರಿಯ ಸಂಕಟದಿಂದ. 1890ರ ದಶಕದಲ್ಲಿ ಐಡಾ ಸ್ಕಡರ್ ಎಂಬ ಯುವತಿ, ಕಾಯಿಲೆಯಲ್ಲಿದ್ದ ತಾಯಿಯನ್ನು ನೋಡಿಕೊಳ್ಳಲು ಅಮೆರಿಕದಿಂದ ತಿಂಡಿವನಕ್ಕೆ ಬಂದಿದ್ದರು. ಅವರ ತಂದೆ ಅಲ್ಲಿ ಮಿಷನ್ ಡಾಕ್ಟರು. ಒಂದೇ ರಾತ್ರಿ ಮೂವರು ಗಂಡಂದಿರು, ಹಿಂದೂಗಳೂ ಮುಸಲ್ಮಾನರೂ, ಒಬ್ಬರ ಹಿಂದೆ ಒಬ್ಬರು ಬಂದು ಬಾಗಿಲು ತಟ್ಟಿದರು. ಮೂವರ ಹೆಂಡಂದಿರೂ ಹೆರಿಗೆಯ ಸಂಕಟದಲ್ಲಿದ್ದರು. ಗಂಡಸು ಡಾಕ್ಟರು ಬರುವುದು ಸಂಪ್ರದಾಯಕ್ಕೆ ಸಲ್ಲದು, ಹೆಂಗಸೇ ಬರಬೇಕು ಎಂದರು. ಐಡಾ ವೈದ್ಯ ಕಲಿತವರಲ್ಲ. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ತೀರಿಕೊಂಡಿದ್ದರು.

ಆ ರಾತ್ರಿ ಐಡಾ ಅವರನ್ನು ಬಿಡಲಿಲ್ಲ. ಅಮೆರಿಕಕ್ಕೆ ಮರಳಿ ವೈದ್ಯ ಕಲಿತು 1899ರಲ್ಲಿ ಪದವಿ ಪಡೆದರು. 1900ರಲ್ಲಿ ವೆಲ್ಲೂರಿಗೆ ಬಂದು ಒಂದೇ ಹಾಸಿಗೆಯ ಕೋಣೆಯಲ್ಲಿ ಕೆಲಸ ಆರಂಭಿಸಿದರು. 1902ರಲ್ಲಿ 40 ಹಾಸಿಗೆಯ ಆಸ್ಪತ್ರೆಯಾಯಿತು. 1918ರಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆ ತೆರೆದರು. 1960ರಲ್ಲಿ ಅವರು ತೀರಿಕೊಂಡಾಗ ಅದು ದೇಶಕ್ಕೆಲ್ಲ ಗೊತ್ತಾದ ಆಸ್ಪತ್ರೆಯಾಗಿತ್ತು. ನಾವು ಆಸ್ಪತ್ರೆ ಕಟ್ಟಲಾರೆವು. ಆದರೆ ಸಂಕಟಕ್ಕೆ ಕೆಲಸ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ. ಆ ಮೂವರು ಗಂಡಂದಿರು ಕತ್ತಲಲ್ಲಿ ಒಬ್ಬೊಬ್ಬರೇ ಮನೆಗೆ ಹಿಂದಿರುಗಿದರು ಎಂಬುದನ್ನೂ ಮರೆಯಬಾರದು. ಅವರ ಪಕ್ಕದಲ್ಲಿ ಯಾರು ಕುಳಿತಿದ್ದರೋ!

ಅಂದಿಗೂ ಇಂದಿಗೂ ವ್ಯತ್ಯಾಸವಿದೆ. ಮೊರಪ್ಪೂರಿನಿಂದ ಧರ್ಮಪುರಿಗೆ ಹಿಂದೆ ಇದ್ದ ಸಣ್ಣ ರೈಲು 1941ರಲ್ಲಿ ನಿಂತಿತು. ಅದಕ್ಕೆ ಬದಲಾಗಿ 36 ಕಿಲೋಮೀಟರಿನ ಹೊಸ ಮಾರ್ಗಕ್ಕೆ 2019ರಲ್ಲಿ ಅಡಿಗಲ್ಲು ಹಾಕಿದರು. ಆದರೆ 2008ರಲ್ಲಿ ಧರ್ಮಪುರಿಯಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜು ಆಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ತಮಿಳುನಾಡಿನಲ್ಲಿ 108 ಆಂಬುಲೆನ್ಸ್ ಬಂತು, ನವೆಂಬರಿನಲ್ಲಿ ಕರ್ನಾಟಕಕ್ಕೂ ಬಂತು. ಅದಕ್ಕೆ ಒಂದು ಪೈಸೆಯೂ ಕೊಡಬೇಕಾಗಿಲ್ಲ. ಬಿಪಿ, ಸಕ್ಕರೆ ಇರುವವರ ಮನೆಬಾಗಿಲಿಗೇ ಮಾತ್ರೆ ತಲುಪಿಸುವ ಯೋಜನೆಯನ್ನು 2021ರ ಆಗಸ್ಟಿನಲ್ಲಿ ಪಕ್ಕದ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ಆರಂಭಿಸಿದರು. ಸಂಬಳದ ದಿನಕ್ಕೆ ಕಾದು ಮಾತ್ರೆ ತಪ್ಪಿಸಿಕೊಳ್ಳುವ ಅಗತ್ಯ ನಮ್ಮ ಮನೆಯಲ್ಲಿ ಇರಲಿಲ್ಲ. ನಾವು ವಿಚಾರಿಸಿರಲಿಲ್ಲ, ಅಷ್ಟೇ.

ಬಾಯಾರಿದಾಗ ಬಾವಿ ತೋಡಬಾರದು. ಇಂದೇ ಮಾಡಬಹುದಾದ ಕೆಲವು ಕೆಲಸಗಳನ್ನು ಹೇಳುತ್ತೇವೆ.

ಮನೆಯ ಬಾಗಿಲ ಹಿಂದೆ ಒಂದು ಚೀಲ ತೂಗುಹಾಕಿ. ಅದರಲ್ಲಿ ಆಧಾರ್, ರೇಷನ್ ಕಾರ್ಡು, ವಿಮೆ ಕಾರ್ಡು, ಹಳೆಯ ಡಾಕ್ಟರ್ ಚೀಟಿಗಳು, ನುಂಗುವ ಮಾತ್ರೆಯ ಖಾಲಿ ಪಟ್ಟಿ, ಮೂರು ಜನರ ಫೋನ್ ನಂಬರು ಬರೆದ ಕಾಗದ ಇರಲಿ. ಮುಖ್ಯಮಂತ್ರಿಗಳ ವಿಮಾ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಕಾರ್ಡು ಮಾಡಿಸದವರು ಆರೋಗ್ಯವಾಗಿರುವಾಗಲೇ ಮಾಡಿಸಿಕೊಳ್ಳಿ. ಗಂಡ ಹೆಂಡತಿಯ ಮಾತ್ರೆಯ ಹೆಸರು ತಿಳಿದಿರಲಿ, ಹೆಂಡತಿಗೆ ಗಂಡನ ಪಾಸ್‌ಬುಕ್ ಇರುವ ಜಾಗ ತಿಳಿದಿರಲಿ.

ಆಸ್ಪತ್ರೆಯಲ್ಲಿ ಒಬ್ಬರೇ ಡಾಕ್ಟರೊಂದಿಗೆ ಮಾತಾಡಲಿ, ಕೇಳಿದ್ದನ್ನು ಬರೆದುಕೊಳ್ಳಲಿ. ಏನಾಗಿದೆ, ಈಗ ಏನು ಮಾಡುತ್ತಿದ್ದೀರಿ, ಮತ್ತೆ ಎಷ್ಟು ಹೊತ್ತಿಗೆ ನಮಗೆ ತಿಳಿಸುತ್ತೀರಿ ಎಂದು ಕೇಳಲು ಹೆದರಬೇಡಿ. ಕೂಲಿಯವರು ಪ್ರಶ್ನೆ ಕೇಳಬಾರದೆಂದು ಯಾವ ಕಾನೂನೂ ಇಲ್ಲ. ವರಾಂಡದಲ್ಲಿ ಇನ್ನೊಬ್ಬರ ಸಾವಿನ ಕಥೆ ಹೇಳುವವರಿಂದ ದೂರ ಕುಳಿತುಕೊಳ್ಳಿ. ಆ ರಾತ್ರಿಯ ಗಾಬರಿಯಲ್ಲಿ ಮೀಟರ್ ಬಡ್ಡಿಯವರ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ. ಊಟ ಬಿಡಬೇಡಿ. ಹರಕೆಗೆ ಉಪವಾಸ ಮಾಡುವುದಿದ್ದರೆ ಅವರು ಮನೆಗೆ ಬಂದ ಮೇಲೆ ಮಾಡಿ. ಮಕ್ಕಳಿಗೆ ಸುಳ್ಳು ಹೇಳಬೇಡಿ. ಅಮ್ಮನಿಗೆ ಹುಷಾರಿಲ್ಲ, ಡಾಕ್ಟರು ನೋಡುತ್ತಿದ್ದಾರೆ ಎಂದು ಹೇಳಿದರೆ ಅವರು ತಾಳಿಕೊಳ್ಳುತ್ತಾರೆ. ಕಾಯಿಲೆ ಯಾರ ಪಾಪಕ್ಕೆ ಬಂತು ಎಂದು ಹುಡುಕಬೇಡಿ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಅದನ್ನೇ ಕೇಳಿದಾಗ ಯೇಸುಸ್ವಾಮಿ ಒಪ್ಪಲಿಲ್ಲ.

ಪ್ರಾರ್ಥನೆ ಬಾಯಿಗೆ ಬರದಿದ್ದರೆ ಅದಕ್ಕಾಗಿ ನಾಚಬೇಡಿ. ಸುಮ್ಮನೆ ಕುಳಿತಿರುವುದನ್ನೂ ದೇವರು ಬಲ್ಲನು. ಮನೆಗೆ ಬಂದ ಮೇಲೂ ನಿದ್ದೆ ಬಾರದೆ, ಎದೆ ಹೊಡೆದುಕೊಳ್ಳುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಮನಸ್ಸಿನ ಕಷ್ಟಕ್ಕಾಗಿಯೇ 2022ರ ಅಕ್ಟೋಬರಿನಿಂದ ಇರುವ ಸರ್ಕಾರಿ ನಂಬರು ಅದು. ಹಣವಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ನಮ್ಮ ಕೂಟಕ್ಕೂ ಸಂಘಕ್ಕೂ ಒಂದು ಮಾತು. ಮಾರ್ಕನ ಸುವಾರ್ತೆಯಲ್ಲಿ ಲಕ್ವ ಹೊಡೆದವನೊಬ್ಬನನ್ನು ನಾಲ್ಕು ಜನ ಹಾಸಿಗೆ ಸಮೇತ ಹೊತ್ತು ತಂದರು. ಜನಸಂದಣಿಯಲ್ಲಿ ದಾರಿ ಸಿಗದೆ ಮಾಳಿಗೆ ಹತ್ತಿ, ಅದನ್ನು ತೆರೆದು ಕೆಳಗಿಳಿಸಿದರು. ಆ ನಾಲ್ವರ ಹೆಸರು ಯಾರಿಗೂ ತಿಳಿಯದು. ನಮ್ಮ ಪ್ರತಿ ಲೈನಿಗೂ ಅಂಥ ನಾಲ್ವರು ಬೇಕು. ಒಬ್ಬರು ಆಂಬುಲೆನ್ಸಿನಲ್ಲಿ ಜೊತೆಗೆ ಹೋಗಲಿ. ಒಬ್ಬರು ಮಕ್ಕಳಿಗೂ ಹಟ್ಟಿಯ ದನಕ್ಕೂ ಗತಿ ಕಾಣಿಸಲಿ. ಒಬ್ಬರು ಬೆಳಿಗ್ಗೆ ರೈಟರಿಗೂ ಮೇಸ್ತ್ರಿಗೂ ತಿಳಿಸಿ, ಗೈರುಹಾಜರಿಯ ತಕರಾರು ಬಾರದಂತೆ ನೋಡಲಿ. ಒಬ್ಬರು ಕೈಗಡವಾಗಿ ಸ್ವಲ್ಪ ಹಣ ಕೂಡಿಸಲಿ. ಕಾರ್ಮಿಕರಿಗೂ ಕುಟುಂಬಕ್ಕೂ ವೈದ್ಯಕೀಯ ಸೌಲಭ್ಯ ಕೊಡುವ ಹೊಣೆಯನ್ನು 1951ರ ಪ್ಲಾಂಟೇಶನ್ ಲೇಬರ್ ಕಾಯಿದೆ ತೋಟದ ಮಾಲೀಕರ ಮೇಲೆ ಹೊರಿಸಿತ್ತು. 2020ರ ಕಾರ್ಮಿಕ ಸಂಹಿತೆಯಲ್ಲಿಯೂ ಆ ಹೊಣೆ ಉಳಿದಿದೆ. ರಾತ್ರಿ ಹೊತ್ತು ತೋಟದ ವಾಹನದ ಕೀಲಿಕೈ ಯಾರಲ್ಲಿರುತ್ತದೆ ಎಂಬುದನ್ನು ಸಂಘವು ಈ ತಿಂಗಳೇ ಕೇಳಿ ತಿಳಿದು, ಲೈನಿನ ಗೋಡೆಯ ಮೇಲೆ ಬರೆಸಬೇಕು.

ನಮ್ಮ ಮನೆಯಾಕೆ ಹನ್ನೊಂದನೆಯ ದಿನ ಮನೆಗೆ ಬಂದಳು. ಮಾತು ಬಹುಪಾಲು ಸರಿಹೋಗಿದೆ. ಬಲಗೈ ಹಿಂದಿನಂತಿಲ್ಲ, ಹಣ್ಣು ಕೊಯ್ಯಲು ಹೋಗುವುದಿಲ್ಲ. ಬೆಳಗಿನ ಮಾತ್ರೆಯನ್ನು ಈಗ ನಾವೇ ಎಣಿಸಿ ಕೊಡುತ್ತೇವೆ, ಅದರ ಹೆಸರೂ ಬಾಯಿಗೆ ಬರುತ್ತದೆ. ಇದನ್ನು ಮೊದಲೇ ಕಲಿತಿದ್ದರೆ ಆ ಕೈ ಉಳಿಯುತ್ತಿತ್ತೋ ಏನೋ, ಆ ಯೋಚನೆ ಕೆಲವು ರಾತ್ರಿ ಬರುತ್ತದೆ. ಅದು ಬಂದಾಗ ಎದ್ದು ಇನ್ನೊಂದು ಮನೆಯ ಚೀಲದ ಬಗ್ಗೆ ಯೋಚಿಸುತ್ತೇವೆ.

ಬರುವ ಭಾನುವಾರ ಪೂಜೆ ಮುಗಿದ ಮೇಲೆ ಹತ್ತು ನಿಮಿಷ ನಿಲ್ಲಿ ಎಂದು ನಮ್ಮ ಮನವಿ. ಪ್ರತಿ ಲೈನಿನಿಂದ ನಾಲ್ಕು ಹೆಸರು ಬರೆದುಕೊಳ್ಳೋಣ. ಹೆಂಗಸರ ಹೆಸರೂ ಇರಲಿ. ಬರುವಾಗ ನಿಮ್ಮ ಮನೆಯವರ ಮಾತ್ರೆಯ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ದೇವರು ನಿಮ್ಮೆಲ್ಲರ ಮನೆಗಳನ್ನು ಕಾಯಲಿ.