ಗೈರುಹಾಜರಾದ ಗೆರೆ

ಜಲಜನಕ ತುಂಬಿದ ಪಾತ್ರೆಯೊಳಗೆ ಬೆಳ್ಳಿಯ ಎರಡು ಕಡ್ಡಿಗಳ ನಡುವೆ ವಿದ್ಯುತ್ ಕಿಡಿ ಹೊತ್ತಿಸಿದರೆ ಕ್ಷಣಕಾಲ ಸಿಲ್ವರ್ ಹೈಡ್ರೈಡ್ ಅಣುಗಳು ಹುಟ್ಟುತ್ತವೆ. ಒಂದು ಬೆಳ್ಳಿ ಪರಮಾಣು, ಒಂದು ಜಲಜನಕ ಪರಮಾಣು, ಇಷ್ಟೇ ಅದರ ಸಂಸಾರ. ಅವುಗಳ ನಡುವಣ ಅಂತರವನ್ನು ಅಳೆಯುವುದು ಹೇಗೆ? ಆ ಅಣು ಹೊರಚೆಲ್ಲುವ ಅತಿನೇರಳೆ ಬೆಳಕನ್ನು ಓದಿ.

333 ನ್ಯಾನೊಮೀಟರ್ ಬಳಿ ಈ ಬೆಳಕಿನ ಪಟ್ಟಿಯೊಂದು ಚೂಪಾದ ಅಂಚಿನಿಂದ ಆರಂಭವಾಗಿ ಉದ್ದ ತರಂಗಗಳತ್ತ ಹರಡುತ್ತದೆ. ಸೂಕ್ಷ್ಮವಾಗಿ ನೋಡಿದರೆ ಅದು ಪಟ್ಟಿಯಲ್ಲ, ಗೆರೆಗಳ ಸಾಲು. ಜಲಜನಕ ಬಲು ಹಗುರವಾದ್ದರಿಂದ ಗೆರೆಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಭಾರದ ಅಯೊಡೀನ್ ಅಣುವಿನಲ್ಲಿ ಅವು ನೂರು ಪಟ್ಟಿಗೂ ಹೆಚ್ಚು ಒತ್ತಾಗಿರುತ್ತವೆ. ಹರಿಕಾರರು ಹೈಡ್ರೈಡ್‌ಗಳನ್ನು ಮೆಚ್ಚಿದ್ದು ಸುಮ್ಮನೆ ಅಲ್ಲ.

ಬೆಳಕು ಸೂಸುವಾಗ ಈ ಅಣುವಿನ ಆವರ್ತನೆಯ ಸಂಖ್ಯೆ ಒಂದರಷ್ಟು ಏರಬೇಕು, ಇಲ್ಲವೇ ಒಂದರಷ್ಟು ಇಳಿಯಬೇಕು. ಇದ್ದಂತೆಯೇ ಇರುವಂತಿಲ್ಲ. ಆದ್ದರಿಂದ ಆರ್ ಮತ್ತು ಪಿ ಎಂಬ ಎರಡು ಸಾಲುಗಳು ಹುಟ್ಟಿ, ನಡುವೆ ಒಂದು ಗೆರೆಯ ಜಾಗ ಖಾಲಿ ಉಳಿಯುತ್ತದೆ. ಹಾಜರಿ ಪುಸ್ತಕದಲ್ಲಿ ಸದಾ ಗೈರುಹಾಜರಾದ ಹುಡುಗನಂತೆ! ಎಣಿಕೆ ಶುರುವಾಗಬೇಕಾದದ್ದು ಅಲ್ಲಿಂದಲೇ.

ಎಡವಟ್ಟಾಗುವುದೂ ಅಲ್ಲೇ. ಖಾಲಿ ಜಾಗದ ಅಕ್ಕಪಕ್ಕದ ಗೆರೆಗಳು ಮಂಕು. ಪಿ ಸಾಲಿನ ಮೊದಲ ಗೆರೆ ಕಣ್ತಪ್ಪಿದರೆ ಎರಡನೆಯದಕ್ಕೇ ‘ಒಂದು’ ಎಂಬ ಅಂಕಿ ಬೀಳುತ್ತದೆ. ತಪ್ಪು ಬಯಲಾಗುವುದು ಕಳೆಯುವ ಲೆಕ್ಕದಲ್ಲಿ. ಆರ್‌ನ ಮೊದಲ ಗೆರೆಯಿಂದ ಪಿಯ ಎರಡನೆಯದನ್ನು, ಎರಡನೆಯದರಿಂದ ಮೂರನೆಯದನ್ನು, ಮೂರನೆಯದರಿಂದ ನಾಲ್ಕನೆಯದನ್ನು ಕಳೆಯಬೇಕು. ತರಂಗದೂರವನ್ನಲ್ಲ, ಒಂದು ಸೆಂಟಿಮೀಟರಿನಲ್ಲಿ ಎಷ್ಟು ತರಂಗಗಳು ಹಿಡಿಸುತ್ತವೆ ಎಂಬ ಸಂಖ್ಯೆಯನ್ನು. (ಅನೇಕ ವಿದ್ಯಾರ್ಥಿಗಳು ಮುಗ್ಗರಿಸುವುದು ಇಲ್ಲಿ.) ಎಣಿಕೆ ಸರಿಯಿದ್ದರೆ ಉತ್ತರಗಳು 3, 5, 7ರ ಪ್ರಮಾಣದಲ್ಲಿ ಬರುತ್ತವೆ. ಒಂದು ಗೆರೆ ತಪ್ಪಿದ್ದರೆ ಹೆಚ್ಚುಕಡಿಮೆ 4, 6, 8. ಅದನ್ನು ಗಮನಿಸದೆ ಮೊದಲ ಉತ್ತರವನ್ನೇ ನಂಬಿದರೆ ಪರಮಾಣುಗಳ ಅಂತರ ಶೇಕಡಾ 13ರಷ್ಟು ಕುಗ್ಗಿಬಿಡುತ್ತದೆ.

ಸರಿಯಾದ ಅಂತರ 1.62 ಆಂಗ್‌ಸ್ಟ್ರಾಮ್. ಒಂದು ಮಿಲಿಮೀಟರಿನಲ್ಲಿ ಇಂಥವು ಅರವತ್ತು ಲಕ್ಷಕ್ಕೂ ಹೆಚ್ಚು ಹಿಡಿಸುತ್ತವೆ. ಬೆಳಕು ಚೆಲ್ಲುವ ಮುನ್ನ, ಅಣು ಉದ್ರಿಕ್ತವಾಗಿದ್ದಾಗ, ಈ ಅಂತರ ತುಸು ಹಿಗ್ಗಿ 1.64 ಆಗಿರುತ್ತದೆ. ಆರ್ ಸಾಲಿನ ಗೆರೆಗಳು ಮುಂದೆ ಹೋಗುತ್ತಾ ಹತ್ತಿರವಾಗಿ, ಕೊನೆಗೆ ಹಿಂತಿರುಗಿ ಆ ಚೂಪಾದ ಅಂಚನ್ನು ಮೂಡಿಸುವುದು ಈ ಹಿಗ್ಗುವಿಕೆಯಿಂದಲೇ.